ಕೆಲಸ ಬಿಡದೆ ಎಚ್‌ಆರ್ ಸ್ನಾತಕೋತ್ತರ: ಆನ್‌ಲೈನ್ ಓದಿಗೆ ಸೇರುವ ಮುನ್ನ

ಪೀಣ್ಯದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವವರು, ಗಾರ್ಮೆಂಟ್ಸ್‌ಗೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಪಿಎಫ್ ಫಾರಂ ತುಂಬಿಕೊಡುವವರು, ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸುಗಳ ಡ್ಯೂಟಿ ಪಟ್ಟಿ ಹಾಕುವವರು, ಕನ್ಸಲ್ಟೆನ್ಸಿಯಲ್ಲಿ ಕೂತು ದಿನವಿಡೀ ಅಭ್ಯರ್ಥಿಗಳಿಗೆ ಫೋನ್ ಮಾಡುವವರು. ಇವರೆಲ್ಲ ಮಾಡುತ್ತಿರುವುದು ಮಾನವ ಸಂಪನ್ಮೂಲ ವಿಭಾಗದ ಕೆಲಸವೇ. ಆದರೆ ಗುರುತಿನ ಚೀಟಿಯಲ್ಲಿ ‘ಅಡ್ಮಿನ್ ಅಸಿಸ್ಟೆಂಟ್’ ಎಂದೋ ‘ಎಕ್ಸಿಕ್ಯುಟಿವ್’ ಎಂದೋ ಇರುತ್ತದೆ. ಐದಾರು ವರ್ಷ ದುಡಿದ ಮೇಲೆ ಮೇಲಿನ ಹುದ್ದೆ ಖಾಲಿಯಾದಾಗ ಬರುವ ಮೊದಲ ಪ್ರಶ್ನೆ, ‘ಎಂಬಿಎ ಎಚ್‌ಆರ್ ಆಗಿದೆಯಾ?’ ಕಾರ್ಖಾನೆಯಾದರೆ, ‘ಎಂಎಸ್‌ಡಬ್ಲ್ಯು ಆಗಿದೆಯಾ?’

ಕೆಲಸ ಬಿಟ್ಟು ಎರಡು ವರ್ಷ ಕಾಲೇಜಿಗೆ ಹೋಗುವಷ್ಟು ಅನುಕೂಲ ಇವರಲ್ಲಿ ಹೆಚ್ಚಿನವರಿಗಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಎಲ್ಲವೂ ತಿಂಗಳ ಸಂಬಳದ ಮೇಲೆ ನಿಂತಿರುತ್ತದೆ. ಹಾಗಾಗಿ ಆನ್‌ಲೈನ್ ಅಥವಾ ದೂರಶಿಕ್ಷಣದ ಸ್ನಾತಕೋತ್ತರ ಓದು ಇವರಿಗೆ ನಿಜವಾದ ದಾರಿ. ನನ್ನ ಮಟ್ಟಿಗೆ ಇದು ‘ರೆಗ್ಯುಲರ್’ ಸಿಗದವರ ಎರಡನೇ ಆಯ್ಕೆಯೂ ಅಲ್ಲ. ಎಚ್‌ಆರ್ ಎಂಬುದು ಕೆಲಸದ ಜಾಗದಲ್ಲಿ ಜನರ ನಡುವೆ ನಡೆಯುವ ವಿದ್ಯೆ. ಬೆಳಿಗ್ಗೆ ಓದಿದ ಪಾಠವನ್ನು ಮಧ್ಯಾಹ್ನ ಕಣ್ಣಾರೆ ನೋಡುವ ಅವಕಾಶ ನೌಕರಿಯಲ್ಲಿರುವವರಿಗೆ ಮಾತ್ರ ಇದೆ. ಆ ಅವಕಾಶ ಕೈಗೆ ಹತ್ತಬೇಕಾದರೆ ಕೋರ್ಸನ್ನು ಸರಿಯಾಗಿ ಆರಿಸಬೇಕು, ಗಂಟೆಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಮಾನ್ಯತೆಯ ಪ್ರಶ್ನೆ ಎಲ್ಲಕ್ಕಿಂತ ಮೊದಲು

ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳನ್ನು ನಿಯಂತ್ರಿಸುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2020ರ ನಿಯಮಾವಳಿ. ಅದರ ಪ್ರಕಾರ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ಆನ್‌ಲೈನ್ ಅಥವಾ ಮುಕ್ತ ಶಿಕ್ಷಣದಲ್ಲಿ ಪಡೆದ ಪದವಿ, ತರಗತಿಗೆ ಹೋಗಿ ಪಡೆದ ಪದವಿಗೆ ಸಮ. 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ‘ಆನ್‌ಲೈನ್ ಡಿಗ್ರಿಗೆ ಬೆಲೆ ಇಲ್ಲ’ ಎಂದು ಯಾರಾದರೂ ಹೇಳಿದರೆ ಕಾನೂನಿನ ಮಟ್ಟಿಗೆ ಆ ಮಾತು ತಪ್ಪು. ಆದರೆ ಇಡೀ ಭಾರ ನಿಂತಿರುವುದು ‘ಮಾನ್ಯತೆ ಪಡೆದ’ ಎಂಬುದರ ಮೇಲೆ. ಒಂದು ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೆಂದರೆ ಅದು ನಡೆಸುವ ಎಲ್ಲ ಆನ್‌ಲೈನ್ ಕೋರ್ಸಿಗೂ ಇದೆಯೆಂದು ಅರ್ಥವಲ್ಲ. ಯಾವ ಕೋರ್ಸು, ಯಾವ ವಿಧಾನ, ಯಾವ ಶೈಕ್ಷಣಿಕ ವರ್ಷ ಎಂಬ ಮೂರೂ ಹೊಂದಬೇಕು. ಯುಜಿಸಿಯ ದೂರಶಿಕ್ಷಣ ಬ್ಯೂರೊ ತನ್ನ ಜಾಲತಾಣದಲ್ಲಿ ಈ ಪಟ್ಟಿಯನ್ನು ಹಾಕುತ್ತದೆ. ನೀವು ಸೇರಲಿರುವ ವರ್ಷದ ಪಟ್ಟಿಯಲ್ಲಿ, ನೀವು ಸೇರಲಿರುವ ವಿಧಾನದ ಎದುರು, ನಿಮ್ಮ ಕೋರ್ಸಿನ ಹೆಸರನ್ನೇ ಹುಡುಕಿ. ಸಿಕ್ಕ ಪುಟದ ಪ್ರತಿಯನ್ನು ಉಳಿಸಿಟ್ಟುಕೊಳ್ಳಿ.

ಇದನ್ನು ಒತ್ತಿ ಹೇಳಲು ಕಾರಣ ನಮ್ಮ ರಾಜ್ಯದಲ್ಲೇ ಇದೆ. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012–13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಣೆ ಹೊರಡಿಸಿತು. ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರಗಳ ಮೂಲಕ ಕೋರ್ಸು ನಡೆಸಿದ್ದು ಮುಖ್ಯ ಆಕ್ಷೇಪವಾಗಿತ್ತು. ಮಾನ್ಯತೆ ಮರಳಿ ಬಂದದ್ದು 2018–19ರ ಸಾಲಿಗೆ. ನಡುವಿನ ವರ್ಷಗಳಲ್ಲಿ ಓದಿದವರು ಬಡ್ತಿಗೆ, ನೇಮಕಾತಿಗೆ ಅರ್ಜಿ ಹಾಕುವಾಗ ಅನುಭವಿಸಿದ ಸಂಕಟ ಸಣ್ಣದಲ್ಲ. ಅವರು ಓದಿರಲಿಲ್ಲ ಎಂದಲ್ಲ. ವರ್ಷ ಹೊಂದಲಿಲ್ಲ, ಅಷ್ಟೇ. ಇಂದು ಅದೇ ವಿಶ್ವವಿದ್ಯಾನಿಲಯ ಮಾನ್ಯತೆಯೊಂದಿಗೆ ಎಂಬಿಎ ನಡೆಸುತ್ತಿದೆ, ಕನ್ನಡದ ವಿದ್ಯಾರ್ಥಿಗಳಿಗೆ ಹತ್ತಿರದ, ಕೈಗೆಟುಕುವ ಆಯ್ಕೆಗಳಲ್ಲಿ ಅದೂ ಒಂದು. ಹಾಗಿದ್ದರೂ ಸೇರುವ ವರ್ಷದ ಪಟ್ಟಿ ನೋಡುವ ಕೆಲಸವನ್ನು ಯಾವ ವಿಶ್ವವಿದ್ಯಾಲಯದ ವಿಷಯದಲ್ಲೂ ಬಿಡಬಾರದು.

ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ದೂರಶಿಕ್ಷಣದಲ್ಲಿ ಪಠ್ಯ ಪುಸ್ತಕವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ರಜಾ ದಿನಗಳಲ್ಲಿ ಅಧ್ಯಯನ ಕೇಂದ್ರದಲ್ಲಿ ಸಂಪರ್ಕ ತರಗತಿ ಇರುತ್ತದೆ, ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಪೆನ್ನು ಹಿಡಿದು ಬರೆಯಬೇಕು. ಇಲ್ಲಿ ರಾಜ್ಯ ವಿಶ್ವವಿದ್ಯಾಲಯಗಳಿಗೆ ಭೌಗೋಳಿಕ ಮಿತಿ ಇದೆ. ಆನ್‌ಲೈನ್ ಕೋರ್ಸಿಗೆ ಆ ಮಿತಿ ಇಲ್ಲ. ಪಾಠ, ಚರ್ಚೆ, ಅಸೈನ್‌ಮೆಂಟ್ ಎಲ್ಲವೂ ವಿಶ್ವವಿದ್ಯಾಲಯದ ಕಲಿಕಾ ತಾಣದಲ್ಲೇ ನಡೆಯುತ್ತವೆ. ಪರೀಕ್ಷೆ ಕ್ಯಾಮೆರಾದ ಕಾವಲಿನಲ್ಲಿ ಮನೆಯಿಂದ ಇರಬಹುದು, ಕಂಪ್ಯೂಟರ್ ಕೇಂದ್ರದಲ್ಲೂ ಇರಬಹುದು. ಸಾಗರದಲ್ಲೋ ಸಿರ್ಸಿಯಲ್ಲೋ ಕೂತು ಓದುವವರಾಗಿದ್ದು, ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಊರಾದರೆ, ಕೇಂದ್ರದಲ್ಲಿ ಬರೆಯುವ ಪರೀಕ್ಷೆಯೇ ಲೇಸು. ಪರೀಕ್ಷೆಯ ನಡುವೆ ಸಂಪರ್ಕ ಕಡಿದರೆ ಏನು ನಿಯಮ, ಮರುಪರೀಕ್ಷೆಗೆ ಮತ್ತೆ ಹಣ ಕಟ್ಟಬೇಕೇ ಎಂಬುದನ್ನು ಪ್ರವೇಶಕ್ಕೆ ಮುಂಚೆಯೇ ಬರಹದಲ್ಲಿ ಕೇಳಿ.

ಜಾಹೀರಾತಿನ ಬಗ್ಗೆ ಎಚ್ಚರ ಬೇಕು. ‘ಹತ್ತು ದಿನದಲ್ಲಿ ಎಂಬಿಎ’ ಎಂಬಂಥ ಕೋರ್ಸುಗಳ ವಿರುದ್ಧ ಯುಜಿಸಿಯೇ 2024ರಲ್ಲಿ ಸಾರ್ವಜನಿಕ ಎಚ್ಚರಿಕೆ ಕೊಡಬೇಕಾಯಿತು. ವಿಶ್ವವಿದ್ಯಾಲಯ ತನ್ನ ಆನ್‌ಲೈನ್ ಪದವಿಯನ್ನು ಬೇರೆ ಕಂಪನಿಗೆ ಫ್ರಾಂಚೈಸಿಯಾಗಿ ಕೊಡುವಂತಿಲ್ಲ. ಮಾರಾಟಕ್ಕೆ ನಿಂತ ‘ಕೌನ್ಸೆಲರ್’ ಫೋನಿನಲ್ಲಿ ಎಷ್ಟೇ ಆತ್ಮೀಯವಾಗಿ ಮಾತಾಡಿದರೂ ಹಣ ಹೋಗಬೇಕಾದದ್ದು ವಿಶ್ವವಿದ್ಯಾಲಯದ ಖಾತೆಗೆ, ರಸೀದಿ ಬರಬೇಕಾದದ್ದು ವಿಶ್ವವಿದ್ಯಾಲಯದ ಹೆಸರಿನಲ್ಲಿ. ‘ಬಡ್ಡಿಯಿಲ್ಲದ ಕಂತು’ ಎಂದು ಹೇಳಿದರೆ ಕಾಗದ ಓದಿ. ಬಹಳ ಸಲ ಅದು ಹಣಕಾಸು ಕಂಪನಿಯೊಂದು ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ನಡುವೆ ಕೋರ್ಸು ಬಿಟ್ಟರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ಸಿಬಿಲ್ ಅಂಕ ಇಳಿಯುತ್ತದೆ.

ಎಂಬಿಎಯೋ, ಡಿಪ್ಲೊಮಾವೋ, ಎಂಎಸ್‌ಡಬ್ಲ್ಯುವೋ

ಸ್ನಾತಕೋತ್ತರ ಮಟ್ಟದಲ್ಲಿ ಎಚ್‌ಆರ್ ಓದಲು ಬಾಗಿಲುಗಳು ಹಲವು. ಎರಡು ವರ್ಷದ ಎಂಬಿಎ ಇದೆ, ಅದರಲ್ಲಿ ಕೊನೆಯ ಭಾಗದಲ್ಲಿ ಮಾನವ ಸಂಪನ್ಮೂಲವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳಬೇಕು. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಎಂಬಿಎಯ ಜೊತೆಗೆ ಮಾನವ ಸಂಪನ್ಮೂಲದಲ್ಲೇ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವನ್ನೂ ನಡೆಸುತ್ತದೆ. ಅದರ ಪ್ರಾದೇಶಿಕ ಕೇಂದ್ರಗಳು ಬೆಂಗಳೂರಿನಲ್ಲೂ ವಿಜಯಪುರದಲ್ಲೂ ಇವೆ. ಯಾವುದೇ ಪದವಿಯಲ್ಲಿ ಶೇ 50, ಮೀಸಲು ವರ್ಗದವರಿಗೆ ಶೇ 45 ಅಂಕವಿದ್ದರೆ ಅಲ್ಲಿ ಎಂಬಿಎಗೆ ಅರ್ಜಿ ಹಾಕಬಹುದು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂಬಿಎಗಳೂ ಬಹಳ ಇವೆ, ಅವುಗಳ ಶುಲ್ಕ ಸರ್ಕಾರಿ ಮುಕ್ತ ವಿಶ್ವವಿದ್ಯಾಲಯಗಳಿಗಿಂತ ಸಾಮಾನ್ಯವಾಗಿ ಬಹಳ ಹೆಚ್ಚು.

ಇವುಗಳ ಪಕ್ಕದಲ್ಲಿ ಎಕ್ಸ್‌ಎಲ್‌ಆರ್‌ಐನಂಥ ಹೆಸರಾಂತ ಸಂಸ್ಥೆಗಳ ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳಿವೆ. ಪಾಠ ನೇರ ಪ್ರಸಾರದಲ್ಲಿ, ಪ್ರಾಧ್ಯಾಪಕರ ಎದುರಿನಲ್ಲೇ ನಡೆಯುತ್ತದೆ, ಗುಣಮಟ್ಟ ಚೆನ್ನಾಗಿರುತ್ತದೆ. ಆದರೆ ಸರ್ಟಿಫಿಕೇಟ್ ಪದವಿಯಲ್ಲ. ಈಗಾಗಲೇ ಒಂದು ಸ್ನಾತಕೋತ್ತರ ಪದವಿ ಇದ್ದು, ಹತ್ತು ಹನ್ನೆರಡು ವರ್ಷದ ಅನುಭವವಿರುವ ಮ್ಯಾನೇಜರ್‌ಗೆ ಅದು ಸರಿ. ಬಿಕಾಂ ಮುಗಿಸಿ ಟೈಮ್ ಆಫೀಸಿನಲ್ಲಿ ಇರುವವರಿಗೆ ಮೊದಲು ಬೇಕಾದದ್ದು ಪದವಿ.

ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಬಗ್ಗೆ ಎರಡು ಮಾತು ಹೆಚ್ಚು ಬೇಕು. ಕರ್ನಾಟಕದ ಕಾರ್ಖಾನೆಗಳಲ್ಲಿ ಎಚ್‌ಆರ್ ಮ್ಯಾನೇಜರ್ ಆಗಿರುವ ಬಹಳಷ್ಟು ಮಂದಿ ಸಮಾಜಕಾರ್ಯ ಓದಿದವರು. ಇದಕ್ಕೆ ಇತಿಹಾಸವಿದೆ. ನಮ್ಮ ದೇಶದಲ್ಲಿ ಈ ಕ್ಷೇತ್ರ ಹುಟ್ಟಿದ್ದು ಕಾರ್ಮಿಕ ಕಲ್ಯಾಣದ ಮಡಿಲಲ್ಲಿ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಆರಂಭವಾದದ್ದೇ ಸಮಾಜಕಾರ್ಯದ ಶಾಲೆಯಾಗಿ. 1948ರ ಕಾರ್ಖಾನೆಗಳ ಕಾಯ್ದೆ, 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಅಂದರೆ ಈ ಹುದ್ದೆಗಳು ಹೆಚ್ಚಬೇಕು. ಆದರೆ ಕಲ್ಯಾಣಾಧಿಕಾರಿಯಾಗಲು ಯಾವ ವಿದ್ಯಾರ್ಹತೆ ಬೇಕೆಂದು ಹೇಳುವುದು ರಾಜ್ಯದ ನಿಯಮ. ನಿಮ್ಮ ಕಣ್ಣು ಆ ಹುದ್ದೆಯ ಮೇಲಿದ್ದರೆ, ಕೋರ್ಸಿಗೆ ಹಣ ಕಟ್ಟುವ ಮುನ್ನ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ಆ ಪದವಿ ನಡೆಯುತ್ತದೆಯೇ ಎಂದು ವಿಚಾರಿಸಿ. ಎಂಎಸ್‌ಡಬ್ಲ್ಯುವನ್ನು ದೂರಶಿಕ್ಷಣದಲ್ಲಿ ಓದಬಹುದು, ಆದರೆ ಕ್ಷೇತ್ರಕಾರ್ಯ ತಪ್ಪುವುದಿಲ್ಲ. ಪಾಳಿಯಲ್ಲಿ ದುಡಿಯುವವರು ಅದಕ್ಕೆ ಬಿಡುವು ಹೇಗೆ ಹೊಂದಿಸುವುದೆಂದು ಮೊದಲೇ ಯೋಚಿಸಬೇಕು.

ವಿದೇಶದಲ್ಲಿರುವ ಕನ್ನಡಿಗರ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಎಚ್‌ಆರ್ ವೃತ್ತಿಯ ಮಾನದಂಡ ಸಿಐಪಿಡಿ ಎಂಬ ವೃತ್ತಿಸಂಸ್ಥೆಯದು. ಅಲ್ಲಿ ಆನ್‌ಲೈನ್ ಎಂಎಸ್‌ಸಿ ಆರಿಸುವಾಗ ಅದಕ್ಕೆ ಸಿಐಪಿಡಿಯ ಏಳನೇ ಹಂತದ ಮಾನ್ಯತೆ ಇದೆಯೇ ಎಂದು ನೋಡುತ್ತಾರೆ. ಆದರೆ ಅಂಥ ವಿದೇಶಿ ಪದವಿಯನ್ನು ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ಪಡೆದು ಇಲ್ಲಿ ಸರ್ಕಾರಿ ಹುದ್ದೆಗೋ ಪಿಎಚ್‌ಡಿಗೋ ಬಳಸುವೆನೆಂದರೆ ಸಮಾನತೆಯ ಪ್ರಶ್ನೆ ಏಳುತ್ತದೆ. ಶಿಕ್ಷಣ ಕಂಪನಿಗಳು ಮಧ್ಯೆ ನಿಂತು ಕೊಡಿಸುವ ವಿದೇಶಿ ಪದವಿಗಳ ಬಗ್ಗೆ ಯುಜಿಸಿ 2023ರಲ್ಲೇ ಎಚ್ಚರಿಸಿದೆ.

ಗಂಟೆಗಳ ಲೆಕ್ಕ

ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ. ಒಂದು ಸೆಮಿಸ್ಟರಿಗೆ ಅಂಥ ಐದು ವಿಷಯ ಎಂದಿಟ್ಟುಕೊಳ್ಳೋಣ: 600 ಗಂಟೆ. ಅದನ್ನು 24 ವಾರಕ್ಕೆ ಹಂಚಿದರೆ ವಾರಕ್ಕೆ 25 ಗಂಟೆ. ವಾರದಲ್ಲಿ 48 ಗಂಟೆ ದುಡಿದು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆದು, ಅಡುಗೆ ಮನೆಯ ಕೆಲಸವೂ ಇರುವವರಿಗೆ ಇದು ಸಾಧ್ಯವೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಬಹಳ ಜನರಿಗೆ ಸಾಧ್ಯವಿಲ್ಲ. ಅದಕ್ಕೇ ಮೊದಲ ಸೆಮಿಸ್ಟರಿನಲ್ಲಿ ಉತ್ಸಾಹ, ಎರಡನೆಯದರಲ್ಲಿ ಬಾಕಿ ಅಸೈನ್‌ಮೆಂಟ್, ಮೂರನೆಯದರಲ್ಲಿ ಕೋರ್ಸೇ ಬಿಟ್ಟುಹೋಗುವುದು.

ಇದಕ್ಕೆ ಪರಿಹಾರ ನಿಯಮದಲ್ಲೇ ಇದೆ, ಜನ ಬಳಸುವುದು ಕಡಿಮೆ. ಇಗ್ನೋ ಎಂಬಿಎಗೆ ಕನಿಷ್ಠ ಅವಧಿ ಎರಡು ವರ್ಷ, ಗರಿಷ್ಠ ನಾಲ್ಕು ವರ್ಷ. ಒಂದು ವರ್ಷದ ಡಿಪ್ಲೊಮಾಗೆ ಮೂರು ವರ್ಷದವರೆಗೆ ಅವಕಾಶ. ನೋಂದಣಿ ಮಾಡಿಸಿದ ಎಲ್ಲ ವಿಷಯಗಳ ಪರೀಕ್ಷೆಯನ್ನೂ ಅದೇ ಜೂನ್‌ನಲ್ಲಿ ಬರೆಯಬೇಕೆಂದಿಲ್ಲ, ಕೆಲವನ್ನು ಡಿಸೆಂಬರಿಗೆ ಇಟ್ಟುಕೊಳ್ಳಬಹುದು. ಎರಡು ವರ್ಷದ ಕೋರ್ಸನ್ನು ಮೂರು ವರ್ಷಕ್ಕೆ ಹರಡಿಕೊಂಡರೆ ವಾರದ 25 ಗಂಟೆ 17ಕ್ಕೆ ಬರುತ್ತದೆ. ಕೆಲಸದ ದಿನಗಳಲ್ಲಿ ಒಂದೂವರೆ ಗಂಟೆ, ಭಾನುವಾರ ಎಂಟು ಗಂಟೆ. ಇದು ಕಷ್ಟವೇ, ಆದರೆ ಆಗುವ ಕೆಲಸ. ಆನ್‌ಲೈನ್ ಕೋರ್ಸುಗಳಲ್ಲಿ ಈ ಸಡಿಲಿಕೆ ಎಷ್ಟಿದೆ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಗರಿಷ್ಠ ಅವಧಿ ಎಷ್ಟು, ತಡವಾದರೆ ಮರುನೋಂದಣಿ ಶುಲ್ಕ ಎಷ್ಟು ಎಂದು ಪ್ರಾಸ್ಪೆಕ್ಟಸ್‌ನಲ್ಲಿ ನೋಡಿ. ನನ್ನ ಸಲಹೆ ಕೇಳುವವರಿಗೆ ನಾನು ಮೂರು ವರ್ಷದ ಯೋಜನೆಯನ್ನೇ ಹೇಳುತ್ತೇನೆ. ಎರಡೇ ವರ್ಷಕ್ಕೆ ಮುಗಿದರೆ ಸಂತೋಷ.

ಸೇರುವ ಮುಂಚೆ ಒಂದು ಪರೀಕ್ಷೆಯನ್ನು ಹಣ ಕೊಡದೆಯೇ ಮಾಡಿಕೊಳ್ಳಬಹುದು. ಇಗ್ನೋದ ಪಠ್ಯಗಳೆಲ್ಲ ‘ಇ-ಜ್ಞಾನಕೋಶ’ ಎಂಬ ಅದರ ಡಿಜಿಟಲ್ ಭಂಡಾರದಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಮಾನವ ಸಂಪನ್ಮೂಲದ ವಿಡಿಯೊ ಪಾಠಗಳಿವೆ, ನೋಡಲು ಶುಲ್ಕವಿಲ್ಲ, ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವುದಾದರೆ ಮಾತ್ರ ಹಣ. ಎರಡು ತಿಂಗಳು ಇವನ್ನು ನಿಮ್ಮ ಈಗಿನ ದಿನಚರಿಯಲ್ಲೇ ಓದಿ ನೋಡಿ. ಇಂಗ್ಲಿಷ್ ಪಠ್ಯ ಎಷ್ಟು ವೇಗದಲ್ಲಿ ಸಾಗುತ್ತದೆ, ರಾತ್ರಿ ಹತ್ತರ ಮೇಲೆ ತಲೆಗೆ ಏನಾದರೂ ಹೋಗುತ್ತದೆಯೇ, ಬೆಳಿಗ್ಗೆ ಐದಕ್ಕೆ ಏಳುವುದು ಆಗುತ್ತದೆಯೇ ಎಂಬುದು ಗೊತ್ತಾಗುತ್ತದೆ.

ಅಂಕಗಳ ಹಂಚಿಕೆ ಸಾಮಾನ್ಯವಾಗಿ ಹೀಗಿರುತ್ತದೆ: ಅಸೈನ್‌ಮೆಂಟು, ಕಿರುಪರೀಕ್ಷೆಗಳಿಗೆ 30, ಕೊನೆಯ ಪರೀಕ್ಷೆಗೆ 70. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕೆಂಬ ನಿಯಮ ಬಹಳ ಕಡೆ ಇದೆ. ಅಸೈನ್‌ಮೆಂಟ್ ಕೊಟ್ಟಿಲ್ಲವೆಂದರೆ ಪರೀಕ್ಷೆ ಚೆನ್ನಾಗಿ ಬರೆದರೂ ಅಂಕಪಟ್ಟಿಯಲ್ಲಿ ‘ಪೂರ್ಣಗೊಂಡಿಲ್ಲ’ ಎಂದೇ ಉಳಿಯುತ್ತದೆ. ಕ್ಯಾಮೆರಾ ಕಾವಲಿನ ಪರೀಕ್ಷೆಗೆ ಕೋಣೆಯಲ್ಲಿ ಒಬ್ಬರೇ ಇರಬೇಕು, ಮೇಜು ಖಾಲಿ ಇರಬೇಕು, ಗುರುತಿನ ಚೀಟಿ ತೋರಿಸಬೇಕು. ಒಂದೇ ಕೋಣೆಯ ಮನೆಯಲ್ಲಿ ಮಕ್ಕಳಿರುವವರು ಆ ದಿನಕ್ಕೆ ಜಾಗ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಓದುವುದೇನು, ಅದು ಕೆಲಸಕ್ಕೆ ಬರುವುದು ಎಲ್ಲಿ

ಮೊದಲ ವರ್ಷದಲ್ಲಿ ಬರುವುದು ನಿರ್ವಹಣೆಯ ತತ್ವಗಳು, ಸಂಘಟನಾ ವರ್ತನೆ, ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರುಕಟ್ಟೆ ಇತ್ಯಾದಿ. ಎಚ್‌ಆರ್‌ಗೆಂದು ಬಂದವರು ಲೆಕ್ಕಶಾಸ್ತ್ರ ನೋಡಿ ಗಾಬರಿಯಾಗುತ್ತಾರೆ, ಗಾಬರಿ ಬೇಡ, ಆದರೆ ಅದಕ್ಕೆ ಸಮಯ ಹೆಚ್ಚು ಇಡಿ. ನಂತರ ಬರುವುದು ನೇಮಕಾತಿ, ತರಬೇತಿ, ಕಾರ್ಯಕ್ಷಮತೆಯ ಮೌಲ್ಯಮಾಪನ, ವೇತನ ರಚನೆ, ಕೈಗಾರಿಕಾ ಸಂಬಂಧ, ಕಾರ್ಮಿಕ ಕಾನೂನು.

ವೇತನ ಮತ್ತು ಕಾನೂನಿನ ಪಾಠಗಳಲ್ಲಿ ನೌಕರಿಯಲ್ಲಿರುವ ವಿದ್ಯಾರ್ಥಿ ನಿಜಕ್ಕೂ ಮುಂದಿರುತ್ತಾರೆ. ಪಿಎಫ್ ಲೆಕ್ಕವನ್ನೇ ತೆಗೆದುಕೊಳ್ಳಿ. ಪಿಎಫ್‌ಗೆ ಲೆಕ್ಕ ಹಿಡಿಯುವ ವೇತನ 15,000 ರೂಪಾಯಿ ಎಂದಾದರೆ ಕಾರ್ಮಿಕರಿಂದ ಶೇ 12, ಅಂದರೆ 1,800 ರೂಪಾಯಿ ಕಡಿತ. ಮಾಲೀಕರೂ ಅಷ್ಟೇ ಹಾಕುತ್ತಾರೆ, ಆದರೆ ಅದರಲ್ಲಿ ಶೇ 8.33, ಅಂದರೆ 1,250 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ, 550 ಮಾತ್ರ ಪಿಎಫ್ ಖಾತೆಗೆ. ‘ನನ್ನ ಪಾಲು 1,800, ಕಂಪನಿಯ ಪಾಲು 550 ಯಾಕೆ ತೋರಿಸುತ್ತಿದೆ? ಮೋಸ ಆಗಿದೆಯಾ ಮೇಡಂ?’ ಎಂದು ಕೇಳಿದ ಟೈಲರ್ ಅಕ್ಕನಿಗೆ ಪಾಸ್‌ಬುಕ್ ತೆರೆದು ಕನ್ನಡದಲ್ಲಿ ಬಿಡಿಸಿ ಹೇಳಿದವರು ಆ ಅಧ್ಯಾಯವನ್ನು ಮತ್ತೆ ಕಂಠಪಾಠ ಮಾಡಬೇಕಿಲ್ಲ. ಇಎಸ್‌ಐ ಹಾಗೆಯೇ: ವೇತನ 21,000ದವರೆಗೆ ಇರುವವರಿಗೆ ಅನ್ವಯ, ಕಾರ್ಮಿಕರಿಂದ ಶೇ 0.75, ಮಾಲೀಕರಿಂದ ಶೇ 3.25. 20,000 ಪಡೆಯುವವರಿಗೆ 150 ಮತ್ತು 650 ರೂಪಾಯಿ. ಗ್ರಾಚ್ಯುಟಿಗೆ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 26,000 ವೇತನ, 8 ವರ್ಷ ಸೇವೆ ಎಂದರೆ 1,20,000 ರೂಪಾಯಿ. ಫುಲ್ ಅಂಡ್ ಫೈನಲ್ ಲೆಕ್ಕ ಮಾಡಿದವರಿಗೆ ಇದು ಕೈಯಲ್ಲೇ ಇರುತ್ತದೆ.

ಈಗ ಓದುವವರಿಗೆ ಒಂದು ವಿಶೇಷ ತೊಡಕು ಇದೆ. 29 ಕೇಂದ್ರ ಕಾರ್ಮಿಕ ಕಾನೂನುಗಳ ಜಾಗಕ್ಕೆ ಬಂದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು: ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ. ಮುದ್ರಿತ ಪಠ್ಯಗಳಲ್ಲಿ ಮಾತ್ರ 1947ರ ಕೈಗಾರಿಕಾ ವಿವಾದಗಳ ಕಾಯ್ದೆ, 1972ರ ಗ್ರಾಚ್ಯುಟಿ ಕಾಯ್ದೆ ಇನ್ನೂ ಇರಬಹುದು. ಬದಲಾವಣೆಗಳು ಸಣ್ಣವಲ್ಲ. ಲೇಆಫ್, ಕಡಿತ, ಮುಚ್ಚುವಿಕೆಗೆ ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ನಿಗದಿತ ಅವಧಿಯ ನೌಕರರಿಗೆ ಐದು ವರ್ಷ ಕಾಯದೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಹಕ್ಕು ಬಂದಿದೆ. ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಲೆಕ್ಕ. ಮೂಲ ವೇತನವನ್ನು ಸಣ್ಣದಾಗಿಸಿ ಭತ್ಯೆಗಳಲ್ಲಿ ಸಂಬಳ ತುಂಬುತ್ತಿದ್ದ ರಚನೆಗಳನ್ನು ಇದರಿಂದ ಮತ್ತೆ ಬರೆಯಬೇಕಾಗಿದೆ. ಹಾಗಾಗಿ ಸೇರುವಾಗಲೇ ಪ್ರಶ್ನೆಪತ್ರಿಕೆ ಹಳೆಯ ಕಾಯ್ದೆಯ ಮೇಲೋ ಸಂಹಿತೆಯ ಮೇಲೋ ಎಂದು ವಿಭಾಗದಲ್ಲಿ ಕೇಳಿ. ನನ್ನ ಮಾತು ಕೇಳುವುದಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಹಳೆಯ ಕಾಯ್ದೆಯಡಿ ಹುಟ್ಟಿದ ವಿವಾದಗಳು ಕಾರ್ಮಿಕ ನ್ಯಾಯಾಲಯಗಳಲ್ಲಿ ಇನ್ನೂ ವರ್ಷಗಟ್ಟಲೆ ಇರುತ್ತವೆ.

ಸಂಘಟನಾ ವರ್ತನೆಯ ಪಾಠಗಳನ್ನು ಬರೀ ಹೆಸರುಗಳ ಪಟ್ಟಿಯಾಗಿ ಓದುವುದು ನೋವಿನ ಸಂಗತಿ. ಅಮೆರಿಕದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಎಲ್ಲ ಪಠ್ಯದಲ್ಲೂ ಇವೆ. ದೀಪದ ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತದೆಯೇ ಎಂದು ನೋಡಲು ಹೊರಟವರು ಕೊನೆಗೆ ತಲುಪಿದ್ದು, ಕೆಲಸಗಾರರು ಗುಂಪಾಗಿ ತಮ್ಮದೇ ಕಟ್ಟಳೆ ಮಾಡಿಕೊಂಡಿರುತ್ತಾರೆ, ತಮ್ಮನ್ನು ಯಾರಾದರೂ ಗಮನಿಸಿ ಮಾತಾಡಿಸಿದರೆ ಕೆಲಸದ ರೀತಿಯೇ ಬದಲಾಗುತ್ತದೆ ಎಂಬ ಅರಿವಿಗೆ. ನಿಮ್ಮ ಲೈನಿನಲ್ಲಿ ಸೂಪರ್‌ವೈಸರ್ ಬದಲಾದ ವಾರ ಗೈರುಹಾಜರಿ ಏನಾಯಿತೆಂದು ಮಸ್ಟರ್ ತೆಗೆದು ನೋಡಿ. ಆ ಪ್ರಯೋಗ ಏಕೆ ಇಂದಿಗೂ ಪಾಠವಾಗಿದೆ ಎಂದು ತಿಳಿಯುತ್ತದೆ.

ಪರದೆಯ ಮೇಲೆ ಸಿಗದ ಭಾಗವೂ ಇದೆ, ಅದನ್ನು ಮುಚ್ಚಿಡಬಾರದು. ಸಂದರ್ಶನ ಮಾಡುವುದು, ದೂರು ಕೇಳುವುದು, ಯೂನಿಯನ್ ಮುಖಂಡರೊಡನೆ ಮಾತುಕತೆಗೆ ಕೂರುವುದು, ಕೆಲಸ ಹೋಯಿತೆಂದು ಒಬ್ಬರಿಗೆ ತಿಳಿಸುವುದು ವಿಡಿಯೊ ನೋಡಿ ಬರುವುದಿಲ್ಲ. ರೆಗ್ಯುಲರ್ ತರಗತಿಯಲ್ಲಿ ಸಹಪಾಠಿಗಳ ಎದುರು ಇವನ್ನು ಅಭಿನಯಿಸಿ ಕಲಿಯುತ್ತಾರೆ. ನೀವು ಅದನ್ನು ಕಚೇರಿಯಲ್ಲೇ ಕೇಳಿ ಪಡೆಯಬೇಕು. ಸಂದರ್ಶನ ನಡೆಯುವಾಗ ಪಕ್ಕದಲ್ಲಿ ಕೂರಲು ಅನುಮತಿ ಕೇಳಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ಇರುವ ಕಡೆಯೆಲ್ಲ ಆಂತರಿಕ ಸಮಿತಿ ಇರಬೇಕು. ಗೋಪ್ಯ ವಿಚಾರಣೆಯೊಳಗೆ ನಿಮಗೆ ಪ್ರವೇಶ ಸಿಗದಿದ್ದರೂ, ಸಮಿತಿಯ ರಚನೆ, ಅರಿವು ಮೂಡಿಸುವ ಸಭೆ, ವಾರ್ಷಿಕ ವರದಿಯ ಕೆಲಸದಲ್ಲಿ ಕೈಜೋಡಿಸಬಹುದು. ಒಳ್ಳೆಯ ಮ್ಯಾನೇಜರ್ ಆದವರು ಬೇಡವೆನ್ನುವುದಿಲ್ಲ.

ಭಾಷೆಯ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಈ ಕೋರ್ಸುಗಳ ಪಠ್ಯ, ಪರೀಕ್ಷೆ ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಇದಕ್ಕೆ ಹೆದರಿ ಹಿಂದೆ ಸರಿಯುವುದನ್ನು ಕಂಡಿದ್ದೇನೆ. ಹೆದರಬೇಡಿ. ಪ್ರತಿ ಅಧ್ಯಾಯ ಮುಗಿದಾಗ ಅದರ ಸಾರವನ್ನು, ನಿಮ್ಮ ಕಾರ್ಖಾನೆಯ ಕೆಲಸಗಾರರಿಗೆ ಹೇಳುವಂತೆ, ಕನ್ನಡದಲ್ಲಿ ಅರ್ಧ ಪುಟ ಬರೆದಿಡಿ. ಅರ್ಥವಾಗದ್ದು ಆಗ ತಾನೇ ಎದ್ದು ಕಾಣುತ್ತದೆ, ಪರೀಕ್ಷೆಗೂ ಅದೇ ನೆನಪಿನಲ್ಲಿ ಉಳಿಯುತ್ತದೆ. ಸ್ಥಾಯಿ ಆದೇಶವನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ನೋಟಿಸ್ ಬರೆಯಬಲ್ಲ, ಹಿಂದಿಯಲ್ಲೂ ನಾಲ್ಕು ಮಾತಾಡಬಲ್ಲ ಎಚ್‌ಆರ್ ಅಧಿಕಾರಿ ಬಿಡದಿಯಲ್ಲಾಗಲಿ ದಾಬಸ್‌ಪೇಟೆಯಲ್ಲಾಗಲಿ ಬಹಳ ಬೇಕಾದ ವ್ಯಕ್ತಿ.

ಪ್ರಾಜೆಕ್ಟ್ ಎಂಬ ದೊಡ್ಡ ಅವಕಾಶ

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಹಣ ಕೊಟ್ಟು ತರುವವರಿದ್ದಾರೆ, ಈಗ ಎಐಯಿಂದ ಬರೆಸುವವರೂ ಸೇರಿದ್ದಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ, ಏಕೆಂದರೆ ಇಡೀ ಕೋರ್ಸಿನಲ್ಲಿ ನಿಮ್ಮದೇ ಎನ್ನಬಹುದಾದದ್ದು ಇದೊಂದೇ. ವಿಷಯ ಚಿಕ್ಕದಿರಲಿ, ನಿಮ್ಮ ಕಣ್ಣೆದುರಿನದಿರಲಿ. ಗೌರಿ ಗಣೇಶ, ದೀಪಾವಳಿಗೆ ಊರಿಗೆ ಹೋದವರಲ್ಲಿ ಎಷ್ಟು ಜನ ಮರಳಲಿಲ್ಲ, ಯಾಕೆ? ಕಂಪನಿ ಬಸ್ಸು ಇರುವ ಹಳ್ಳಿಗಳ ಹೆಣ್ಣುಮಕ್ಕಳು ಇಲ್ಲದ ಹಳ್ಳಿಗಳವರಿಗಿಂತ ಹೆಚ್ಚು ಕಾಲ ಉಳಿಯುತ್ತಾರೆಯೇ? ಶಿಶುಪಾಲನಾ ಕೇಂದ್ರವಿದ್ದೂ ಮಕ್ಕಳನ್ನು ಯಾಕೆ ಕರೆತರುವುದಿಲ್ಲ? ಬಿಟ್ಟುಹೋಗುವವರ ಪ್ರಮಾಣದ ಲೆಕ್ಕ ಸರಳ: ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿ. 400 ಜನರಲ್ಲಿ 60 ಮಂದಿ ಬಿಟ್ಟರೆ ಶೇ 15. ಆ 60 ಜನರಲ್ಲಿ ಎಷ್ಟು ಮಂದಿ ಮೊದಲ ಮೂರು ತಿಂಗಳಲ್ಲೇ ಹೋದರು ಎಂದು ನೋಡಿದ ಕೂಡಲೇ ಪ್ರಶ್ನೆ ಬೇರೆಯೇ ಆಗುತ್ತದೆ. ತೊಂದರೆ ಸಂಬಳದ್ದೋ, ಸೇರಿಸಿಕೊಳ್ಳುವ ರೀತಿಯದೋ?

ಮಾಹಿತಿ ಸಂಗ್ರಹಕ್ಕೆ ಕಂಪನಿಯ ಲಿಖಿತ ಅನುಮತಿ ಬೇಕು. ಕೆಲಸಗಾರರ ಹೆಸರು, ಆಧಾರ್, ಆರೋಗ್ಯದ ವಿವರ ವರದಿಯಲ್ಲಿ ಬರಬಾರದು. ಉತ್ತರ ಕೊಡುವವರು ನಿಮ್ಮನ್ನು ಆಡಳಿತದ ಕಡೆಯವರೆಂದೇ ನೋಡುತ್ತಾರೆ, ಅದನ್ನು ಮರೆಯಬೇಡಿ. ‘ಹೇಳದಿದ್ದರೂ ಪರವಾಗಿಲ್ಲ, ಹೇಳಿದರೆ ಯಾರಿಗೂ ತಿಳಿಯುವುದಿಲ್ಲ’ ಎಂದು ಮೊದಲೇ ಹೇಳಿ, ಆ ಮಾತು ಉಳಿಸಿಕೊಳ್ಳಿ.

ಪದವಿ ಕೈಗೆ ಬಂದ ದಿನವೇ ಹುದ್ದೆ ಬದಲಾಗುವುದಿಲ್ಲ. ಬದಲಾಗುವ ಸಾಧ್ಯತೆ ಹೆಚ್ಚುವುದು ಓದುತ್ತಿರುವಾಗಲೇ ವೇತನ ಪಟ್ಟಿ, ಕಾನೂನು ಪಾಲನೆ, ತರಬೇತಿ, ಇವುಗಳಲ್ಲಿ ಒಂದನ್ನು ನಿಮ್ಮ ಜವಾಬ್ದಾರಿಯಾಗಿ ಕೇಳಿ ತೆಗೆದುಕೊಂಡಾಗ. ಕೆಲವು ಕಂಪನಿಗಳು ಶುಲ್ಕದ ಒಂದು ಭಾಗವನ್ನು ಭರಿಸುತ್ತವೆ, ಬದಲಿಗೆ ಇಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇರುತ್ತದೆ. ಬಾಂಡ್ ಓದದೆ ಸಹಿ ಹಾಕಬೇಡಿ. ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪಡೆದೇ ಸೇರಬೇಕು, ಇಲ್ಲದಿದ್ದರೆ ಸೇವಾ ಪುಸ್ತಕದಲ್ಲಿ ಪದವಿ ದಾಖಲಾಗುವಾಗ ತೊಂದರೆ.

ಪ್ರವೇಶದ ಸುತ್ತುಗಳು ವರ್ಷಕ್ಕೆ ಎರಡು: ಜನವರಿ ಮತ್ತು ಜುಲೈ. 2024–25ರಿಂದ ಆನ್‌ಲೈನ್, ದೂರಶಿಕ್ಷಣದ ಪ್ರತಿ ವಿದ್ಯಾರ್ಥಿಯೂ ದೂರಶಿಕ್ಷಣ ಬ್ಯೂರೊದ ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಬೇಕು. ಯುಜಿಸಿ ತಾಣದಲ್ಲಿ ಇದಕ್ಕೆ ಹಣವಿಲ್ಲ, ಏಜೆಂಟರು ಬೇಕಿಲ್ಲ. ಆದರೆ ಅದಕ್ಕೆ ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ, ಅಂದರೆ ಕ್ರೆಡಿಟ್ ಬ್ಯಾಂಕಿನ ಖಾತೆ ಬೇಕು, ಅದು ಆಧಾರ್‌ಗೆ ಜೋಡಣೆಯಾಗಿರುತ್ತದೆ. ನಮ್ಮ ಕಡೆಯವರಿಗೆ ತೊಡಕಾಗುವುದು ಇಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ, ಮದುವೆಯಾದ ಹೆಣ್ಣುಮಕ್ಕಳ ಪ್ಯಾನ್‌ನಲ್ಲಿ ಗಂಡನ ಹೆಸರು. ಅರ್ಜಿಯ ಕೊನೆಯ ವಾರದಲ್ಲಿ ಇದನ್ನು ಸರಿಪಡಿಸಲು ಹೊರಟರೆ ಆಗುವುದಿಲ್ಲ. ಜುಲೈ ಸುತ್ತಿಗೆ ಸೇರುವ ಮನಸ್ಸಿದ್ದರೆ ಏಪ್ರಿಲ್‌ನಲ್ಲೇ ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಇಟ್ಟು ನೋಡಿ, ಆಧಾರ್ ಹೆಸರನ್ನು ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆ ಮಾಡಿಸಿ, ಪದವಿ ಕೊಟ್ಟ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿ ಬೇಕಿದ್ದರೆ ಅದಕ್ಕೆ ಮೊದಲು ಅರ್ಜಿ ಹಾಕಿ. ಸಮಯ ಹೆಚ್ಚು ಹಿಡಿಯುವುದು ಅದಕ್ಕೇ.